ಪಕ್ಷವೂ ಪ್ರಮಾಣವೂ: ಸ್ವತಂತ್ರ ಪಕ್ಷದ ಮೂಲತತ್ತ್ವಗಳ ಒಂದು ವಿಮರ್ಶೆ

ಹೋದ ತಿಂಗಳು ಹೊಳೆನರಸೀಪುರದಲ್ಲಿ ನಮ್ಮ ಸಂಘದ ಗೋಷ್ಠಿಯು ನಡೆದಾಗ ತರುಣ ಮಿತ್ರರೊಬ್ಬರು, ರಾಜಕೀಯ ಪಕ್ಷವೆಂದರೆ ಅದಕ್ಕೆ ಅಚಲವಾದ ಸಿದ್ಧಾಂತವಿರಬೇಕೆಂದೂ, ಅನುಭವ ಬಂದಂತೆ ಅಭಿಪ್ರಾಯವನ್ನು ತಿದ್ದಿಕೊಳ್ಳುವ ಪಕ್ಷವು ನೆಲೆಯಿಲ್ಲದ ಪಕ್ಷವೆಂದೂ ವಾದಿಸಿದರು. ಸಭೆಯಲ್ಲಿ ತಲೆದೂಗಿದವರು ಅನೇಕರು. ನಾನು ಅಲ್ಲಿ ಉತ್ತರವನ್ನು ಹೇಳಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ಮನಸ್ಸನ್ನು ಬಿಡದೆ ಇದ್ದುದರಿಂದ, ನಮ್ಮ ಜಿಲ್ಲೆಗೆ ಒಂದು ಕಾಲದಲ್ಲಿ ಸಂಬಂಧಪಟ್ಟಿದ್ದ ಒಂದು ಸಣ್ಣ ಪಕ್ಷದ ಮೂಲಬರಹವನ್ನು ತೆಗೆದು ಮತ್ತೊಮ್ಮೆ ಓದಿದೆನು. ಅದು ಸ್ವತಂತ್ರ ಪಕ್ಷದ ಇಪ್ಪತ್ತೊಂದು ಮೂಲತತ್ತ್ವಗಳ ಬರಹ.

ಸಾಹಿತ್ಯಪತ್ರಿಕೆಯಲ್ಲಿ ಇಂಥ ಬರಹದ ವಿಮರ್ಶೆಯೇಕೆ ಎಂದು ವಾಚಕರು ಕೇಳಬಹುದು. ಒಂದು ಗ್ರಂಥವು ತಾನು ಹೇಳಹೊರಟುದನ್ನು ಹೇಳಿದೆಯೆ, ಹೇಳಿದುದಕ್ಕೆ ಆಧಾರವುಂಟೆ, ಹೇಳದೆ ಬಿಟ್ಟುದು ಯಾವುದು ಎಂದು ವಿಚಾರಿಸುವುದು ಕಾವ್ಯಕ್ಕೆ ಹೇಗೆ ಸಲ್ಲುವುದೋ ಲೋಕವ್ಯವಹಾರದ ಬರಹಕ್ಕೂ ಹಾಗೆಯೇ ಸಲ್ಲುತ್ತದೆ. ಮೇಲಾಗಿ, ಮತ ಹಾಕುವವರೆಲ್ಲರೂ ಇಂಥ ಬರಹಗಳ ವಾಚಕರೇ.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ೧೯೫೯ರ ಜನವರಿಯಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು, ದೇಶದ ಬೇಸಾಯವು ಕ್ರಮೇಣ ಸಹಕಾರಿ ಸಾಮೂಹಿಕ ಪದ್ಧತಿಗೆ ಬರಬೇಕೆಂದು ನಿರ್ಣಯಮಾಡಿತು. ಇದನ್ನು ವಿರೋಧಿಸಿ ಚಕ್ರವರ್ತಿ ರಾಜಗೋಪಾಲಾಚಾರ್ಯರು, ರೈತಚಳುವಳಿಯಿಂದ ಬಂದ ಎನ್. ಜಿ. ರಂಗಾ ಅವರು, ಮಿನೂ ಮಸಾನಿಯವರು ಮೊದಲಾದವರು ಅದೇ ವರ್ಷ ಸ್ವತಂತ್ರ ಪಕ್ಷವನ್ನು ಸ್ಥಾಪಿಸಿದರು. ಆಗ ರಾಜಾಜಿಯವರಿಗೆ ಎಂಬತ್ತು ವರ್ಷ. ೧೯೬೨ರಲ್ಲಿ ಲೋಕಸಭೆಯಲ್ಲಿ ಆ ಪಕ್ಷಕ್ಕೆ ೧೮ ಸ್ಥಾನಗಳು ದೊರೆತವು, ೧೯೬೭ರಲ್ಲಿ ೪೪. ಆ ವರ್ಷವೇ ಹಾಸನ ಕ್ಷೇತ್ರವು ಸ್ವತಂತ್ರ ಪಕ್ಷದ ಎನ್. ಶಿವಪ್ಪನವರನ್ನು ಲೋಕಸಭೆಗೆ ಕಳುಹಿಸಿತು. ಉಡುಪಿಯಿಂದ ಅದೇ ಪಕ್ಷದ ಜೆ. ಎಂ. ಲೋಬೋ ಪ್ರಭುಗಳು ಹೋದರು. ನಾನಾಗ ಏಳೆಂಟು ವರ್ಷದ ಹುಡುಗ. ನಮ್ಮ ಹಳ್ಳಿಯ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದಿದ್ದ ನಕ್ಷತ್ರದ ಗುರುತು ಇನ್ನೂ ಕಣ್ಣಿನಲ್ಲಿದೆ. ೧೯೭೧ರಲ್ಲಿ ಪಕ್ಷವು ೮ ಸ್ಥಾನಗಳಿಗೆ ಇಳಿಯಿತು. ೧೯೭೪ರಲ್ಲಿ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಅದರ ಆಯುಸ್ಸು ಹದಿನೈದು ವರ್ಷ.

ಇನ್ನು ಗ್ರಂಥವಿಚಾರ. ಈ ಬರಹದ ಬಹುಭಾಗ ನಿಷೇಧರೂಪವಾದುದು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ವಿಧಿಗಿಂತ ನಿಷೇಧದ ಸ್ವರವೇ ಪ್ರಬಲ: ಸಾಮೂಹಿಕ ಬೇಸಾಯ ಕೂಡದು, ಗ್ರಾಮದ ಜೀವನವನ್ನು ಅಧಿಕಾರಿಗಳು ನಡೆಸಕೂಡದು, ಸರ್ಕಾರವು ಸರ್ವಸ್ವವನ್ನೂ ತನ್ನ ಕೈಗೆ ತೆಗೆದುಕೊಳ್ಳಕೂಡದು. ವಿಧಿರೂಪವಾದ ಮಾತುಗಳಲ್ಲಿ ಮುಖ್ಯವಾದುದು ಗಾಂಧೀಜಿಯವರ ಧರ್ಮದರ್ಶಿತ್ವದ ಭಾವನೆ. ಅದು ಗಂಭೀರವಾಗಿದ್ದರೂ ಅಸ್ಪಷ್ಟವಾಗಿದೆ. ಆದರೆ ಗ್ರಂಥದ ಕಡೆಯ ತತ್ತ್ವವೊಂದು ಉಳಿದೆಲ್ಲಕ್ಕಿಂತ ಬೇರೆಯಾದುದು. ಮೂಲತತ್ತ್ವಗಳ ವ್ಯಾಪ್ತಿಗೆ ಬಾರದ ಎಲ್ಲ ವಿಷಯಗಳಲ್ಲಿಯೂ ಸದಸ್ಯರು ತಮ್ಮ ತಮ್ಮ ವಿವೇಕಕ್ಕೆ ತೋರಿದಂತೆ ಅಭಿಪ್ರಾಯಪಡಬಹುದು, ಮತ ಹಾಕಬಹುದು ಎಂದು ಅದರ ಸಾರಾಂಶ. ಎಲ್ಲ ಪ್ರಶ್ನೆಗಳಿಗೂ ಮೊದಲೇ ಉತ್ತರವನ್ನು ಬರೆದಿಡುವುದು ಪಕ್ಷಗಳ ರೂಢಿ. ಇಲ್ಲಿ ಒಂದು ಪಕ್ಷವು ಇಷ್ಟು ಮಾತ್ರ ನಿಶ್ಚಿತ, ಮಿಕ್ಕದ್ದನ್ನು ವಿಚಾರಮಾಡಿ ತಿಳಿಯಬೇಕು ಎಂದು ಒಪ್ಪಿಕೊಂಡಿತು.

ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಸೋಜಿಗವಲ್ಲ. ಆ ಶಾಸ್ತ್ರದಲ್ಲಿ ಪಕ್ಷವೆಂದರೆ ಗುಂಪು ಎಂದರ್ಥವಲ್ಲ. ಸಾಧಿಸಬೇಕಾದುದು ಎಲ್ಲಿ ಇನ್ನೂ ಸಂದೇಹದಲ್ಲಿದೆಯೋ ಆ ಸ್ಥಳಕ್ಕೆ ಪಕ್ಷವೆಂದು ಹೆಸರು. ಹೊಗೆ ಕಾಣುವ ಬೆಟ್ಟದಲ್ಲಿ ಬೆಂಕಿ ಉಂಟೋ ಇಲ್ಲವೋ ಎಂಬ ಸಂದೇಹವಿರುವವರೆಗೆ ಬೆಟ್ಟವು ಪಕ್ಷ. ಸಂದೇಹವಿಲ್ಲದ ಕಡೆ ಅನುಮಾನಕ್ಕೆ ಕೆಲಸವಿಲ್ಲ. ನಮ್ಮ ರಾಜಕೀಯದಲ್ಲಿ ಪಕ್ಷವೆಂಬ ಪದವು ಇದಕ್ಕೆ ವಿರುದ್ಧವಾದ ಅರ್ಥವನ್ನು ತಾಳಿತು: ಯಾರಿಗೆ ಸಂದೇಹವೇ ಇಲ್ಲವೋ ಅವರ ಕೂಟವೇ ಪಕ್ಷ. ಹೊಳೆನರಸೀಪುರದಲ್ಲಿಯೇ ನೆಲೆಸಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ನಡೆಸಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು, ಶತಮಾನಗಳಿಂದ ಪಂಡಿತರು ಒಪ್ಪಿಕೊಂಡು ಬಂದ ಮೂಲಾವಿದ್ಯಾವಾದವನ್ನು ಭಾಷ್ಯಕ್ಕೂ ಅನುಭವಕ್ಕೂ ಇಟ್ಟು ನೋಡಿ, ಅದು ನಿಲ್ಲದೆಂದು ೧೯೨೯ರಲ್ಲಿಯೇ ಗ್ರಂಥವನ್ನು ಬರೆದರು. ಅವರನ್ನು ಸಂಪ್ರದಾಯವಿಲ್ಲದವರೆಂದು ಹೇಳಲು ಯಾರಿಗೆ ಸಾಧ್ಯ? ತರುಣ ಮಿತ್ರರ ಮಾತಿಗೆ ನನ್ನ ಮೊದಲನೆಯ ಉತ್ತರ ಇದೇ. ಪ್ರಮಾಣಕ್ಕೆ ತಲೆಬಾಗುವುದರಿಂದ ನೆಲೆಯು ತಪ್ಪುವುದಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು. ಆ ಕಡೆಯ ತತ್ತ್ವವು ವಿವೇಕದಿಂದ ಹುಟ್ಟಿದುದಲ್ಲ, ನಿರ್ವಾಹವಿಲ್ಲದೆ ಹುಟ್ಟಿದುದು. ಜಯಪುರದ ಮಹಾರಾಣಿ ಗಾಯತ್ರೀದೇವಿಯವರನ್ನೂ ಆಂಧ್ರದ ರೈತನಾಯಕರನ್ನೂ ಮುಂಬಯಿಯ ವ್ಯಾಪಾರಸ್ಥರನ್ನೂ ಒಂದೇ ಚಾವಣಿಯ ಕೆಳಗೆ ಕೂರಿಸಬೇಕಾದರೆ ಬೇರೆ ಉಪಾಯವೇನಿತ್ತು ಎಂದು ಕೇಳಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ೧೯೭೧ರ ಚುನಾವಣೆಯಲ್ಲಿ ಈ ಪಕ್ಷವು ಸಂಯುಕ್ತ ಸಮಾಜವಾದಿಗಳಿದ್ದ ಕೂಟದಲ್ಲಿಯೇ ಸೇರಿಕೊಂಡುದನ್ನು ನೆನೆದರೆ ಆ ಸತ್ಯಾಂಶವು ಇನ್ನೂ ಸ್ಪಷ್ಟವಾಗುತ್ತದೆ. ಅನುಕೂಲಕ್ಕೆ ಬಾಗುವುದು ಬೇರೆ, ಪ್ರಮಾಣಕ್ಕೆ ಬಾಗುವುದು ಬೇರೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಾಣುವುದರಿಂದಲೇ ವಿಮರ್ಶೆ ಆವಶ್ಯಕವಾಗುತ್ತದೆ.

ಭೇದವನ್ನು ತಿಳಿಯಲು ರಾಜಾಜಿಯವರ ಚರಿತ್ರೆಯೇ ಸಾಕು. ೧೯೩೭ರಲ್ಲಿ ಮದರಾಸಿನ ಪ್ರಧಾನಿಯಾಗಿದ್ದಾಗ ಅವರು ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಮಾಡಿದರು; ಮುಂದೆ ಅವರೇ ಹಿಂದಿಯೊಂದೇ ಆಡಳಿತಭಾಷೆಯಾಗಬಾರದೆಂದು ವಾದಿಸಿದರು. ನಡುವೆ ಜನರ ಮನಸ್ಸನ್ನು ಕಂಡಿದ್ದರು. ೧೯೫೨ರಲ್ಲಿ ಮುಖ್ಯಮಂತ್ರಿಯಾದೊಡನೆ ಆಹಾರಧಾನ್ಯದ ನಿಯಂತ್ರಣವನ್ನು ತೆಗೆದುಹಾಕಿದರು. ಎಲ್ಲರೂ ಹೆದರಿದ್ದ ಕ್ಷಾಮವು ಬರಲಿಲ್ಲ. ಮಳೆಯು ನೆರವಾಯಿತೆಂದು ಹೇಳುವವರುಂಟು. ಕಾಗೆ ಕೂತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧದಂತೆ ಇದೂ ಆಗಿರಬಾರದೇಕೆ ಎಂಬ ಪ್ರಶ್ನೆಯು ನ್ಯಾಯವಾದುದೇ. ಆದರೂ ಮಾಡಿ ನೋಡಿ ತಿಳಿಯುವ ಧೈರ್ಯವು ಅಲ್ಲಿತ್ತು.

ಮರುವರ್ಷ ಅದೇ ಮಹನೀಯರು ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಹೊತ್ತನ್ನು ಕಡಿಮೆಮಾಡಿ, ಮಿಕ್ಕ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಲೆಂದು ಏರ್ಪಾಡುಮಾಡಿದರು. ಕ್ಷೌರಿಕನ ಮಗನು ಕ್ಷೌರಿಕನಾಗಿಯೇ ಇರಬೇಕೆ ಎಂದು ಜನರು ಕೆರಳಿದರು. ೧೯೫೪ರಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಟ್ಟರು; ಕಾಮರಾಜರ ಸರ್ಕಾರವು ಆ ಏರ್ಪಾಡನ್ನು ರದ್ದುಮಾಡಿತು. ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಪಾಠ ಹೇಳಿದ ನನಗೆ ಈ ಪ್ರಕರಣವು ಬಹುಮುಖ್ಯವಾಗಿ ತೋರುತ್ತದೆ. ಕಟ್ಟಡ ಸಾಲದು, ಉಪಾಧ್ಯಾಯರು ಸಾಲದು ಎಂಬ ಲೆಕ್ಕವನ್ನು ರಾಜಾಜಿಯವರು ನೋಡಿದ್ದರು. ಆ ಮಕ್ಕಳ ತಂದೆತಾಯಿಗಳನ್ನು ಕೇಳಿರಲಿಲ್ಲ. ಎಂದರೆ ಪ್ರಮಾಣವಿತ್ತು, ಆದರೆ ಅದು ಒಂದು ಕಡೆಯ ಪ್ರಮಾಣವಾಗಿತ್ತು.

ಸ್ವತಂತ್ರ ಪಕ್ಷದ ಗ್ರಂಥದಲ್ಲಿರುವ ದೋಷವೂ ಇದೇ ಎಂದು ನನ್ನ ಅಭಿಪ್ರಾಯ. ಭೂಮಿಯ ವಿಷಯವಾಗಿ ಅದು ಸ್ವಂತ ಹೊಲವನ್ನು ತಾನೇ ಉಳುವ ರೈತನನ್ನು ಚೆನ್ನಾಗಿ ಬಲ್ಲದು. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನಾಗಲಿ ಚನ್ನರಾಯಪಟ್ಟಣದ ರಾಗಿಯ ಹೊಲದವನಾಗಲಿ ತನ್ನ ತುಂಡು ನೆಲವನ್ನು ಸಂಘಕ್ಕೆ ಒಪ್ಪಿಸಿ ಕೂಲಿಯಾಳಾಗುವುದಕ್ಕೆ ಒಡಂಬಡುವವನಲ್ಲ ಎಂಬುದನ್ನು ಅದು ನಿಜವಾಗಿ ಕಂಡಿತ್ತು. ನಾಗಪುರದ ಬೇಸಾಯಪದ್ಧತಿಯು ದೇಶದಲ್ಲಿ ಬೇರೂರಲಿಲ್ಲ. ಆದರೆ ಇನ್ನೊಬ್ಬರ ನೆಲವನ್ನು ಗೇಣಿಗೋ ವಾರಕ್ಕೋ ಉಳುವವನು ಆ ಬರಹದಲ್ಲಿ ಎಲ್ಲಿದ್ದಾನೆ? ಆಸ್ತಿಯ ಹಕ್ಕನ್ನು ಕಾಪಾಡಬೇಕೆಂಬಲ್ಲಿ ಯಾರ ಆಸ್ತಿ ಎಂಬ ಪ್ರಶ್ನೆಯು ಏಳುವುದೇ ಇಲ್ಲ.

ಇದನ್ನು ನಾನು ಹೊರಗಿನವನಾಗಿ ಹೇಳುತ್ತಿಲ್ಲ. ನಮ್ಮ ತಂದೆಯವರು ನಕ್ಷತ್ರದ ಗುರುತಿಗೆ ಮತ ಹಾಕಿದವರು. ಕೆರೆಯ ಕೆಳಗೆ ನಮಗೆ ಒಂದೂವರೆ ಎಕರೆ ಗದ್ದೆಯಿತ್ತು. ಅದನ್ನು ಒಂದೇ ಮನೆತನದವರು ಎರಡು ತಲೆಮಾರು ವಾರಕ್ಕೆ ಮಾಡುತ್ತಿದ್ದರು. ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯು ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದ ಮೇಲೆ ಆ ಮನೆಯ ಯಜಮಾನನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಹಾಕಿದನು. ನಾನಾಗ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಮುಗಿಸಿ ರಜಕ್ಕೆ ಊರಿಗೆ ಬಂದಿದ್ದೆನು. ಆತನು ಗೇಣಿದಾರನಲ್ಲ, ದಿನಗೂಲಿಯವನು ಎಂದು ತಂದೆಯವರ ಪರವಾಗಿ ತಕರಾರನ್ನು ಬರೆದವನು ನಾನೇ. ಹೇತುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ, ಸೊಗಸಾದ ಅಕ್ಷರದಲ್ಲಿ ಬರೆದೆನು. ಪ್ರತಿ ಸುಗ್ಗಿಯಲ್ಲಿಯೂ ಕಣದಲ್ಲಿ ಭತ್ತದ ರಾಶಿಯು ಎರಡು ಪಾಲಾಗುತ್ತಿದ್ದುದನ್ನು ಚಿಕ್ಕಂದಿನಿಂದ ಕಣ್ಣಾರೆ ಕಂಡವನೂ ನಾನೇ. ಭೂನ್ಯಾಯಮಂಡಳಿಯ ಮುಂದೆ ಆತನು ನನ್ನ ಕಡೆ ತಿರುಗಿ, "ಚಿಕ್ಕ ಅಯ್ನೋರು ಕಣದಾಗೇ ನಿಂತು ನೋಡವ್ರೆ ಸ್ವಾಮಿ, ಅವರ್ನೇ ಕೇಳಿ" ಎಂದನು. ಯಾರೂ ನನ್ನನ್ನು ಕೇಳಲಿಲ್ಲ. ನಾನಾಗಿ ಬಾಯಿ ಬಿಡಲೂ ಇಲ್ಲ. ತೀರ್ಪು ಆತನ ಪರವಾಗಿಯೇ ಆಯಿತು. ಪ್ರತ್ಯಕ್ಷವೇ ಪ್ರಮಾಣಗಳಲ್ಲಿ ಜ್ಯೇಷ್ಠವೆಂದು ಪರೀಕ್ಷೆಯಲ್ಲಿ ಬರೆದು ಬಹುಮಾನವನ್ನು ಪಡೆದಿದ್ದ ಹುಡುಗನಿಗೆ ಸ್ವಂತ ಗದ್ದೆಯ ಮಾತು ಬಂದಾಗ ಪ್ರತ್ಯಕ್ಷವು ಬೇಡವಾಯಿತು. ಮುಂದೆ ಆತನ ಮೊಮ್ಮಗನು ನನ್ನ ತರಗತಿಯಲ್ಲಿ ಓದಿದನು. ಹುಡುಗನು ಬುದ್ಧಿವಂತ. ಅವನಿಗೆ ನ್ಯಾಯದ ಪಾಠವನ್ನು ಹೇಳುವಾಗಲೆಲ್ಲ ನನಗೆ ಆ ಕಣವು ನೆನಪಾಗುತ್ತಿತ್ತು.

ಈಗ ತೂಗಿನೋಡೋಣ. ಪರವಾನಿಗೆಯಿಲ್ಲದೆ ಕೈಗಾರಿಕೆಯನ್ನು ಆರಂಭಿಸಲಾಗದ ವ್ಯವಸ್ಥೆಯು ದೇಶಕ್ಕೆ ಭಾರವಾಯಿತೆಂಬ ಆ ಪಕ್ಷದ ವಾದವನ್ನು, ೧೯೯೧ರಲ್ಲಿ ಬಹುಪಾಲು ಕೈಗಾರಿಕೆಗಳಿಗೆ ಪರವಾನಿಗೆಯನ್ನು ತೆಗೆದುಹಾಕುವ ಮೂಲಕ, ಕಾಂಗ್ರೆಸ್ ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ಆಹಾರದ ಕೊರತೆಯು ನೀಗಿದ ಕಥೆಯಲ್ಲಿ ಹೊಸ ತಳಿಯ ಬೀಜದ ಜೊತೆಗೆ, ೧೯೬೫ರಲ್ಲಿ ಸರ್ಕಾರವು ಸ್ಥಾಪಿಸಿದ ಬೆಲೆಗಳ ಆಯೋಗಕ್ಕೂ ಆಹಾರ ನಿಗಮಕ್ಕೂ ಪಾಲಿದೆ. ಕರ್ನಾಟಕದಲ್ಲಿ ಲಕ್ಷಗಟ್ಟಲೆ ಗೇಣಿದಾರರು ಭೂಮಿಗೆ ಒಡೆಯರಾದುದಂತೂ ಶಾಸನದ ಬಲದಿಂದಲೇ. ಗೋರೂರಿನ ಹೇಮಾವತಿ ಅಣೆಕಟ್ಟನ್ನು ಕಟ್ಟಿದುದೂ ಸರ್ಕಾರವೇ. ಅದರ ನಾಲೆಯ ನೀರಿನಿಂದ ಬೆಳೆದ ಬೆಳೆಯನ್ನು ರೈತನು ತನ್ನ ವಿವೇಕದಿಂದಲೇ ಮಾರುತ್ತಾನೆ. ಸರ್ಕಾರವೇ ಸರ್ವಸ್ವ ಎಂಬುದೂ ಸರ್ಕಾರವು ಬೇಡವೇ ಬೇಡ ಎಂಬುದೂ ನಮ್ಮ ನಾಲ್ಕು ತಾಲ್ಲೂಕುಗಳ ಅನುಭವಕ್ಕೆ ನಿಲ್ಲುವುದಿಲ್ಲ.

ಆದುದರಿಂದ ಗ್ರಂಥದ ಗುಣವೂ ದೋಷವೂ ಒಂದೇ ಸ್ಥಳದಲ್ಲಿವೆ. ಕಡೆಯ ತತ್ತ್ವದಲ್ಲಿ ಅದು ವಿಚಾರಕ್ಕೆ ಬಾಗಿಲನ್ನು ತೆರೆಯಿತು. ಆದರೆ ಉಳಿದ ಇಪ್ಪತ್ತು ತತ್ತ್ವಗಳನ್ನು ವಿಚಾರದ ಆಚೆ ಇಟ್ಟಿತು. ಗೇಣಿದಾರನ ಪ್ರಶ್ನೆಯು ತೆರೆದ ಕಡೆ ಇರಲಿಲ್ಲ, ಮುಚ್ಚಿದ ಕಡೆ ಇತ್ತು. ಯಾವುದು ನಿಶ್ಚಿತ, ಯಾವುದು ಸಂದಿಗ್ಧ ಎಂದು ವಿಂಗಡಿಸುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಎಚ್ಚರವನ್ನು ಬೇಡುತ್ತದೆ. ಏತಕ್ಕೆಂದರೆ ನಮಗೆ ಲಾಭಕರವಾದುದನ್ನು ನಾವು ನಿಶ್ಚಿತದ ಪಟ್ಟಿಗೆ ಸೇರಿಸುವವರು.

ತರುಣ ಮಿತ್ರರು ಇನ್ನು ಮುಂದೆ ಯಾವ ಪಕ್ಷದ ಪ್ರಣಾಳಿಕೆಯನ್ನು ಓದಿದರೂ ಮೂರು ಪ್ರಶ್ನೆಗಳನ್ನು ಕೇಳಲಿ ಎಂದು ನನ್ನ ಪ್ರಾರ್ಥನೆ. ಈ ಮಾತಿಗೆ ಆಧಾರವೇನು? ಆ ಆಧಾರವು ಯಾರು ಕಂಡುದು? ಇದು ತಪ್ಪೆಂದು ತೋರಿಬಂದರೆ ಇವರು ಏನು ಮಾಡುವರು? ಮೂರನೆಯದಕ್ಕೆ ಉತ್ತರವಿಲ್ಲದ ಬರಹವು ಎಷ್ಟೇ ಅಚಲವಾಗಿದ್ದರೂ ನಂಬತಕ್ಕುದಲ್ಲ. ಎರಡನೆಯದಕ್ಕೆ ಉತ್ತರವಿಲ್ಲದಿದ್ದರೆ, ನಾನು ಬರೆದ ತಕರಾರಿನಂತೆ, ಎಷ್ಟೇ ತರ್ಕಬದ್ಧವಾಗಿದ್ದರೂ ನಂಬತಕ್ಕುದಲ್ಲ.

ಸ್ವತಂತ್ರ ಪಕ್ಷದಲ್ಲಿ ದುಡಿದ ಹಿರಿಯರೂ ಅದನ್ನು ಎದುರಿಸಿ ನಿಂತವರೂ ನಮ್ಮ ವಾಚಕರಲ್ಲಿ ಇನ್ನೂ ಇರಬಹುದು. ನಾನು ಹೇಳಿದುದರಲ್ಲಿ ತಪ್ಪಿದ್ದರೆ ಅವರು ಈ ಪತ್ರಿಕೆಯಲ್ಲಿಯೇ ತಿದ್ದಬೇಕೆಂದು ಬೇಡುತ್ತೇನೆ. ತಿದ್ದಿಕೊಳ್ಳುವುದಕ್ಕೆ ನಾನು ಸಿದ್ಧನಾಗಿದ್ದೇನೆ.