‘ನಾರ್ತ್ ಅಂಡ್ ಸೌತ್’: ಋಣವೂ ಅನುರಾಗವೂ

ದಾಂಪತ್ಯದ ಪರೀಕ್ಷೆಯು ವಿವಾಹವಾದ ಮೇಲೆಯೇ ನಡೆಯಬೇಕೆಂಬ ನಿಯಮವೇನೂ ಇಲ್ಲ. ಸಿರಿಯು ಕೈಬಿಟ್ಟು, ಕೂಲಿಕಾರರ ಕೋಪವು ಬಾಗಿಲಿಗೆ ಬಂದು ನಿಂತಾಗ, ಮುಂದೆ ಸತಿಪತಿಗಳಾಗತಕ್ಕವರ ಯೋಗ್ಯತೆಯು ಮೊದಲೇ ಒರೆಗೆ ಹತ್ತುವುದುಂಟು. ಶ್ರೀಮತಿ ಎಲಿಜಬೆತ್ ಗ್ಯಾಸ್ಕೆಲ್ (1810–1865) ಅವರ ‘ನಾರ್ತ್ ಅಂಡ್ ಸೌತ್’ ಎಂಬ ಆಂಗ್ಲ ಕಾದಂಬರಿಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಇದು 1854ರ ಸೆಪ್ಟೆಂಬರಿನಿಂದ 1855ರ ಜನವರಿಯವರೆಗೆ ಡಿಕನ್ಸನ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಹೊರಬಿದ್ದಿತು.

ಗ್ರಂಥಕರ್ತ್ರಿಯು ಮ್ಯಾಂಚೆಸ್ಟರಿನ ಪಾದ್ರಿಯೊಬ್ಬರ ಪತ್ನಿ; ಗಿರಣಿಯ ಜನರ ಬಾಳನ್ನು ಹತ್ತಿರದಿಂದ ಕಂಡವರು. ಪ್ರೆಸ್ಟನ್ನಿನಲ್ಲಿ 1853–54ರಲ್ಲಿ ನಡೆದ ದೀರ್ಘ ಮುಷ್ಕರವು ಆಗ ಎಲ್ಲರ ನೆನಪಿನಲ್ಲಿತ್ತು. ಕಥೆಯ ‘ಮಿಲ್ಟನ್’ ನಗರವು ಮ್ಯಾಂಚೆಸ್ಟರಿನ ಪ್ರತಿರೂಪವೇ. ಅಲ್ಲಿ ಹತ್ತಿಯ ಗಿರಣಿಯ ಒಡೆಯನಾದ ಜಾನ್ ಥಾರ್ನ್‌ಟನ್ನನೂ, ದಕ್ಷಿಣದ ಹಳ್ಳಿಯಿಂದ ಬಂದ ಮಾರ್ಗರೆಟ್ ಹೇಲಳೂ ಎದುರುಬದುರಾಗುತ್ತಾರೆ.

ಮೊದಲನೆಯ ಪರೀಕ್ಷೆ ಮುಷ್ಕರದ್ದು. ಥಾರ್ನ್‌ಟನ್ನನು ಐರ್ಲೆಂಡಿನಿಂದ ಆಳುಗಳನ್ನು ಕರೆತರಿಸಿದುದರಿಂದ ಕೆರಳಿದ ಜನರು ಮನೆಯ ಮುಂದೆ ನೆರೆಯುತ್ತಾರೆ. ಹೊರಗೆ ಹೋಗಿ ಅವರೊಡನೆ ಮನುಷ್ಯರಂತೆ ಮಾತನಾಡೆಂದು ಅವನನ್ನು ಕಳುಹಿಸಿದವಳು ಮಾರ್ಗರೆಟ್. ಅವನಿಗೆ ಅಪಾಯವೊದಗಿದಾಗ ಅಡ್ಡಬಂದು ಕಲ್ಲೇಟು ತಿಂದವಳೂ ಅವಳೇ. ಮರುದಿನ ಅವನು ಕೃತಜ್ಞತೆಯನ್ನೂ ಪ್ರೇಮವನ್ನೂ ಒಟ್ಟಿಗೆ ನಿವೇದಿಸಲು, ಯಾರಿಗಾದರೂ ತಾನು ಹಾಗೆಯೇ ಮಾಡುತ್ತಿದ್ದೆನೆಂದು ಅವಳು ನಿರಾಕರಿಸುತ್ತಾಳೆ. ಉಪಕಾರದ ಋಣವು ಅನುರಾಗವೆನಿಸುವುದಿಲ್ಲವೆಂಬುದು ಇಲ್ಲಿಯ ಮರ್ಮ.

ಎರಡನೆಯದು ದಿವಾಳಿಯದು. ಮುಷ್ಕರದ ನಷ್ಟವೂ ವ್ಯಾಪಾರದ ಕುಸಿತವೂ ಸೇರಿ ಗಿರಣಿಯು ನಿಲ್ಲುತ್ತದೆ. ಜೂಜಿನಂತಹ ಒಂದು ವ್ಯವಹಾರಕ್ಕೆ ಕೈಹಾಕಿದ್ದರೆ ಅವನು ಉಳಿಯಬಹುದಾಗಿತ್ತು. ಆದರೆ ಅದರಲ್ಲಿ ಸೋತರೆ ಮುಳುಗುವುದು ಸಾಲ ಕೊಟ್ಟವರ ಹಣವೆಂದು ಅವನು ಒಲ್ಲನು. ಅವನ ತಂದೆಯು ಸಟ್ಟಾ ವ್ಯಾಪಾರದಲ್ಲಿ ಕೆಟ್ಟು ಆತ್ಮಹತ್ಯೆ ಮಾಡಿಕೊಂಡವನೆಂಬುದನ್ನು ನೆನೆದರೆ ಈ ನಿರ್ಧಾರದ ಭಾರವು ತಿಳಿಯುತ್ತದೆ.

ಆಗ ಅವನ ಬಳಿಗೆ ಎರಡು ವಿಶ್ವಾಸಗಳು ಬರುತ್ತವೆ. ಮೊದಲನೆಯದು, ಅವನು ಮತ್ತೆ ಗಿರಣಿ ನಡೆಸಿದರೆ ಅವನಲ್ಲಿಯೇ ದುಡಿಯುವೆವೆಂದು ಕೆಲಸಗಾರರು ಬರೆದ ಪತ್ರ. ಎರಡನೆಯದು, ಉಯಿಲಿನಿಂದ ಸಿರಿ ಪಡೆದ ಮಾರ್ಗರೆಟ್ಟಳು ನೀಡಬಯಸುವ 18,057 ಪೌಂಡು. ಬ್ಯಾಂಕಿನಲ್ಲಿ ನೂರಕ್ಕೆ ಎರಡೂವರೆ ಮಾತ್ರ ಬಡ್ಡಿ ತರುತ್ತಿರುವ ಆ ಹಣಕ್ಕೆ ಅವನು ಹೆಚ್ಚು ಕೊಡಬಹುದೆಂದು ಅವಳು ಲೆಕ್ಕ ಹೇಳುತ್ತಾಳೆ. ಇದನ್ನು ಕೇವಲ ನಾಚಿಕೆಯ ಮರೆಯೆಂದು ತಿಳಿದರೆ ಸಾಲದು. ಆ ಕಾಲದ ಇಂಗ್ಲೆಂಡಿನ ಸಾಮಾನ್ಯ ನ್ಯಾಯದಂತೆ, ಬೇರೆ ಕರಾರಿಲ್ಲದಿದ್ದರೆ, ವಧುವಿನ ನಗದು ವಿವಾಹದೊಡನೆ ವರನದಾಗುತ್ತಿತ್ತು. ಈ ಸ್ಥಿತಿಯನ್ನು ಬದಲಿಸಿದ ಶಾಸನಗಳು ಬಂದುದು 1870 ಮತ್ತು 1882ರಲ್ಲಿ. ಆದುದರಿಂದ ಮದುವೆಗೆ ಮುಂಚಿನ ಈ ಗಳಿಗೆಯಲ್ಲಿಯೇ ಅವಳು ಅವನಿಗೆ ಸರಿಸಮಳಾಗಿ ನಿಲ್ಲಬಲ್ಲಳು. ದಾನವಾಗಿದ್ದರೆ ಅವನ ತಲೆ ತಗ್ಗುತ್ತಿತ್ತು. ಸಾಲವಾದುದರಿಂದ ಇಬ್ಬರ ಮಾನವೂ ಉಳಿಯಿತು.

ಕೃತಿಗೆ ದೋಷವಿಲ್ಲವೆಂದಲ್ಲ. ವಾರಪತ್ರಿಕೆಯ ಕಟ್ಟಿಗೆ ಸಿಕ್ಕಿ ಕೊನೆಯ ಭಾಗವು ಧಾವಿಸುತ್ತದೆ. ಪುಸ್ತಕವಾಗುವಾಗ ಅದನ್ನು ವಿಸ್ತರಿಸಿದರೂ ಆತುರವು ಪೂರ್ತಿ ಮಾಯಲಿಲ್ಲ. ಹತ್ತಿಯ ಧೂಳಿನಿಂದ ಎದೆಗೆಟ್ಟು ಸತ್ತ ಬೆಸ್ಸಿ ಹಿಗಿನ್ಸಳ ದುಃಖಕ್ಕೆ ಪ್ರೇಮಿಗಳ ಮಿಲನವು ಉತ್ತರವಾಗಲಾರದು. ಕೂಲಿಯ ಪ್ರಶ್ನೆಯು ಬಗೆಹರಿಯದೆ ಹಾಗೆಯೇ ಉಳಿಯುತ್ತದೆ. ಆದರೂ, ಕೊಡುವವರು ಹಿರಿಮೆ ಮೆರೆಯದೆ, ಕೊಳ್ಳುವವರು ಕುಗ್ಗದೆ ಇರಬಲ್ಲ ಮನೆಯೇ ಕಷ್ಟವನ್ನು ದಾಟೀತೆಂಬ ಈ ಕಾದಂಬರಿಯ ಅರಿವು ಇಂದಿಗೂ ಬೆಲೆಯುಳ್ಳದ್ದು.