ಆ ಸೊಂಟ ಯಾರದು?

ಹಳೆಯ ಫ್ಯಾಷನ್ ಪ್ಲೇಟುಗಳ, ಅಂದರೆ ಪತ್ರಿಕೆಗಳಲ್ಲಿ ಬರುತ್ತಿದ್ದ ಉಡುಪಿನ ಅಚ್ಚುಚಿತ್ರಗಳ, ಹುಚ್ಚಿರುವವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಉಡುಪು. ನಾನು ಪಾದ ಹುಡುಕುತ್ತೇನೆ. 1850ರ ದಶಕದ ಪ್ಯಾರಿಸ್ ಪ್ಲೇಟುಗಳಲ್ಲಿ ಅದು ಸಿಗುವುದೇ ಕಷ್ಟ. ಸಿಕ್ಕರೆ, ಉಬ್ಬಿದ ಲಂಗದ ಅಂಚಿನಿಂದ ಇಣುಕುವ ಒಂದು ಚೂಪು ತುದಿ, ಅಷ್ಟೆ. ಆ ತುದಿಯ ಮೇಲೆ ಅಷ್ಟೊಂದು ರೇಷ್ಮೆ ಹೊತ್ತು ಯಾವ ಹೆಂಗಸೂ ನಾಲ್ಕು ಹೆಜ್ಜೆ ನಡೆಯಲಾರಳು. ನಡೆಯಬೇಕಾಗಿಯೂ ಇಲ್ಲವೆನ್ನಿ. ಪಿಯಾನೋ ಪಕ್ಕ ನಿಲ್ಲುವುದು, ಬಂದ ಕಾಗದ ಓದುವುದು, ಮಗುವಿನ ತಲೆ ಸವರುವುದು: ಅವಳ ದಿನಚರಿ ಅಲ್ಲಿಗೆ ಮುಗಿಯಿತು. ಜಾರಿದ ಭುಜ, ಒಂದು ಗೆರೆಯೂ ಇಲ್ಲದ ಮುಖ, ಮುಷ್ಟಿಯಲ್ಲಿ ಹಿಡಿಸುವಂಥ ಸೊಂಟ. ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬಳು ಎದುರು ನಿಂತರೆ ಇನ್ನೊಬ್ಬಳು ಬೆನ್ನು ತೋರಿಸುತ್ತಾಳೆ, ದರ್ಜಿಗೆ ಉಡುಪಿನ ಹಿಂದುಮುಂದು ಎರಡೂ ತಿಳಿಯಲೆಂದು.

ಮ್ಯೂಸಿಯಂಗಳಲ್ಲಿ ಉಳಿದಿರುವ ಆ ಕಾಲದ ಉಡುಪುಗಳ ಸೊಂಟ ಇಷ್ಟು ಸಣ್ಣದಲ್ಲ. ಕಾಗದಕ್ಕೆ ಪಕ್ಕೆಲುಬಿಲ್ಲವಲ್ಲ! ಆದರೆ ಪ್ಲೇಟು ಅಂಚೆಯಲ್ಲಿ ಊರೂರು ತಲುಪಿತು, ಮೈಯನ್ನು ಚಿತ್ರಕ್ಕೆ ಒಗ್ಗಿಸುವ ಹೊಣೆ ಸೊಂಟ ಬಿಗಿಯುವ ಕಾರ್ಸೆಟ್ಟಿನ ಹೆಗಲಿಗೆ ಬಿತ್ತು.

ಇಂಥ ಪುರುಸೊತ್ತಿನ ಸುಂದರಿಯನ್ನು ಬರೆದವರು ಯಾರು? ಗಂಡಸರೂ ಇದ್ದರು, ಜೂಲ್ ದಾವೀದ್‌ನಂಥವರು. ಆದರೆ ನನ್ನ ಕಣ್ಣಿಗೆ ಉತ್ತಮರು ಕೋಲ್ಯಾಂ ಸೋದರಿಯರೇ: ಎಲೋಯೀಸ್, ಅನಾಯಿಸ್, ಲೋರ್. ತಂದೆ ಅಲೆಕ್ಸಾಂದ್ರ್ ಕೋಲ್ಯಾಂ ಚಿತ್ರಕಾರ, ಹೆಸರಾಂತ ಕಲಾವಿದ ದೆಲಕ್ರ್ವಾನ ಗೆಳೆಯ. ಅನಾಯಿಸ್ ಕಟ್ಟಡಶಿಲ್ಪಿ ಗಾಬ್ರಿಯೆಲ್ ತುದೂಜ್‌ನನ್ನು ಮದುವೆಯಾದಳು. 1854ರಲ್ಲಿ ಅವನು ತೀರಿಕೊಂಡ. ಮೂರು ಮಕ್ಕಳನ್ನು ಅವಳು ಸಾಕಿದ್ದು ಈ ಪ್ಲೇಟುಗಳಿಂದಲೇ. ಪತ್ರಿಕೆಗಳ ಗಡುವಿಗೆ ಕುತ್ತಿಗೆ ಕೊಟ್ಟು ದಶಕಗಳ ಕಾಲ ದುಡಿದವಳ ಕುಂಚದಿಂದ, ದುಡಿಮೆಯ ಗಾಳಿಯೂ ಸೋಕದ ಹೆಣ್ಣುಗಳು ಸಾಲುಸಾಲಾಗಿ ಇಳಿದರು.

ಅಟ್ಲಾಂಟಿಕ್‌ನ ಆಚೆಗೂ ಇದೇ ಕಥೆ. ಫಿಲಡೆಲ್ಫಿಯಾದಲ್ಲಿ ಲೂಯಿ ಗೋಡಿ 1830ರಲ್ಲಿ ಶುರುಮಾಡಿದ ‘ಲೇಡೀಸ್ ಬುಕ್’ ಅಮೆರಿಕದ ಮನೆಮನೆಗೆ ಫ್ರೆಂಚ್ ಮಾದರಿಯ ಪ್ಲೇಟುಗಳನ್ನು ಒಯ್ದಿತು. 1860ರ ಹೊತ್ತಿಗೆ ಅದರ ಪ್ರಸಾರ ಒಂದೂವರೆ ಲಕ್ಷ. 1837ರಿಂದ 1877ರವರೆಗೆ ಅದರ ಸಂಪಾದಕಿ ಸಾರಾ ಹೇಲ್. ಅವಳೂ ವಿಧವೆಯೇ. ಗಂಡ 1822ರಲ್ಲಿ ಸತ್ತಾಗ ಐದು ಮಕ್ಕಳು, ಸಂಸಾರ ನಡೆದದ್ದು ಲೇಖನಿಯಿಂದ. ಕೊನೆಯವರೆಗೂ ಕಪ್ಪುಡುಗೆ ಬಿಡದ ಆಕೆಗೆ ಪ್ಲೇಟುಗಳೆಂದರೆ ಅಷ್ಟಕ್ಕಷ್ಟೆ. ಗೋಡಿ ಕೇಳಬೇಕಲ್ಲ! ಓದುಗರು ಚಂದಾ ಕಟ್ಟುತ್ತಿದ್ದದ್ದು ಅವಕ್ಕೇ ಎಂಬುದು ಅವನಿಗೆ ಗೊತ್ತಿತ್ತು.

ದುಡಿಯುವ ಹೆಂಗಸರೇ ಬಿಡುವಿನ ಚಿತ್ರ ಮಾರಿದ್ದನ್ನು ಬೂಟಾಟಿಕೆ ಎನ್ನಲು ನನಗೆ ಮನಸ್ಸಿಲ್ಲ. ಮರ್ಯಾದಸ್ಥ ಮನೆಯ ಹೆಣ್ಣು ನಾಲ್ಕು ಗೋಡೆಯೊಳಗೆ ಕೂತು ಸಂಪಾದಿಸಬಹುದಾದ ದಾರಿಗಳೇ ಕೆಲವು, ಚಿತ್ರ ಬರೆಯುವುದು ಅವುಗಳಲ್ಲೊಂದು. ಮಾರುಕಟ್ಟೆಯಲ್ಲಿ ಬೆಲೆಯಿದ್ದದ್ದು ಬಿಡುವಿಗೆ, ಅದನ್ನೇ ಬರೆದರು.

ಚಿತ್ರ ಬರೆದರೆ ಪ್ಲೇಟು ಮುಗಿಯಲಿಲ್ಲ. ಉಕ್ಕಿನ ತಗಡಿನಿಂದ ಕಪ್ಪು ಗೆರೆಗಳಷ್ಟೇ ಅಚ್ಚಾಗುತ್ತಿದ್ದವು. ಬಣ್ಣ ಹಚ್ಚುವವರು ಬೇರೆ ಹೆಂಗಸರು. ಹಾಳೆ ಕೈಯಿಂದ ಕೈಗೆ ಸಾಗುತ್ತಿತ್ತು, ಒಬ್ಬೊಬ್ಬರದು ಒಂದೊಂದು ಬಣ್ಣ. ಸ್ಯಾಟಿನ್ ಮಿನುಗಬೇಕಾದಲ್ಲಿ ಅರಬ್ ಗೋಂದಿನ ಲೇಪ. ಪ್ಲೇಟಿನ ಕೆಳಗೆ ಚಿತ್ರಕಾರ್ತಿಯ ಸಹಿಯಿದೆ, ಕೆತ್ತಿದವನ ಹೆಸರಿದೆ, ಉಡುಪಿನಂಗಡಿಯ ವಿಳಾಸವೂ ಇದೆ. ಬಣ್ಣದವರದು ಇಲ್ಲ. ಇನ್ನು ಫ್ರೆಂಚ್ ಚಿತ್ರಕಾರ ಸೆಜಾನ್ 1871ರ ಆಸುಪಾಸಿನಲ್ಲಿ ‘ಲಾ ಮೋದ್ ಇಲ್ಯುಸ್ತ್ರೇ’ ಪತ್ರಿಕೆಯ ಪ್ಲೇಟುಗಳನ್ನು ನೋಡಿಕೊಂಡು ಎಣ್ಣೆಬಣ್ಣದಲ್ಲಿ ಬರೆದ. ಅವು ಮಹಾನ್ ಕಲಾವಿದನ ಕೃತಿಗಳ ಪಟ್ಟಿ ಸೇರಿದವು. ಮೂಲ ಪ್ಲೇಟುಗಳು ಹಳೆ ಪುಸ್ತಕದಂಗಡಿಯಲ್ಲಿ ಉಳಿದವು, ನಮ್ಮಂಥವರ ಪುಣ್ಯ.

ಕೊಳ್ಳುವವರಿಗೆ ಒಂದು ಮಾತು. ಭೂತಗನ್ನಡಿ ಒಯ್ಯಿರಿ. ಬಣ್ಣ ಚುಕ್ಕಿಚುಕ್ಕಿಯಾಗಿ ಒಡೆದು ಕಂಡರೆ ಅದು ಈಚಿನ ಮುದ್ರಣ, ಬಿಟ್ಟುಬಿಡಿ. ಗುಲಾಬಿ ಬಣ್ಣ ತೋಳಿನ ಗೆರೆ ದಾಟಿ ಹಿನ್ನೆಲೆಯ ಪರದೆಗೆ ಹರಿದಿದ್ದರೆ ಅಂಗಡಿಯವನು ದೋಷವೆಂದು ಬೆಲೆ ಇಳಿಸಿಯಾನು. ಸುಮ್ಮನೆ ದುಡ್ಡು ಕೊಟ್ಟು ತನ್ನಿ.