ಕೊಟ್ಟಿಗೆಯ ರೋಗವೂ ಮನೆಯ ಜ್ವರವೂ

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ, ಕಬ್ಬಿನ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾದ ಸಂಸಾರಗಳನ್ನು ನಡುವೆ ಸಾಕುತ್ತಿರುವುದು ಡೇರಿಯ ಬಟವಾಡೆ. ಬೆಳಗೂ ಸಂಜೆಯೂ ಕ್ಯಾನು ಹಿಡಿದು ನಿಂತವರ ಹಾಲಿನ ಫ್ಯಾಟೆಷ್ಟು, ಡಿಗ್ರಿಯೆಷ್ಟು ಎಂದು ಅಳೆದು, ಗೆಜ್ಜಲಗೆರೆಯ ಡೇರಿಗೆ ಸಾಗಿಸುವ ಏರ್ಪಾಡು ಪ್ರಶಂಸಾರ್ಹವಾದುದೇ ಸರಿ. ಆದರೆ ಆ ಹಾಲನ್ನು ಕೊಟ್ಟ ಹಸುವಿನ ಆರೋಗ್ಯವನ್ನೂ ಕರೆದವರ ಆರೋಗ್ಯವನ್ನೂ ಒಂದೇ ದೃಷ್ಟಿಯಿಂದ ಪರಿಶೀಲಿಸುವ ಪದ್ಧತಿಯು ನಮ್ಮಲ್ಲಿ ಇನ್ನೂ ಬೇರೂರಿಲ್ಲ. ರೋಗಿಗಳಲ್ಲಿಯೂ ಹೈನುರಾಸುಗಳಲ್ಲಿಯೂ ಸಾಂಕ್ರಾಮಿಕಗಳನ್ನು ಶೋಧಿಸುವ ಅಧ್ಯಯನಕ್ರಮದ ಗುಣದೋಷಗಳನ್ನು, ಕಂದುರೋಗವೊಂದನ್ನೇ ನಿದರ್ಶನವಾಗಿಟ್ಟುಕೊಂಡು, ಇಲ್ಲಿ ತೂಗಿನೋಡಬಯಸುತ್ತೇನೆ.

ಕಂದುರೋಗಕ್ಕೆ ಕಾರಣವಾದ ಬ್ರುಸೆಲ್ಲಾ ಎಂಬ ಸೂಕ್ಷ್ಮಾಣುವು ಗಬ್ಬದ ಹಸುವನ್ನು ಹಿಡಿದರೆ ಅದು ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ, ಕಸ, ಎಂದರೆ ಮಾಸು, ಬೀಳದೆ ನಿಲ್ಲುತ್ತದೆ. ಮನುಷ್ಯನನ್ನು ಹಿಡಿದರೆ ಏರಿಳಿಯುವ ಜ್ವರ, ಬೆವರು, ಸೊಂಟ ಸಂದುಗಳ ನೋವು ವಾರಗಟ್ಟಲೆ ಕಾಡುತ್ತವೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸನು ಮೃತ ಸೈನಿಕರ ಗುಲ್ಮದಲ್ಲಿ ಈ ಅಣುವನ್ನು ಕಂಡನು. ಅದು ಆಡಿನ ಹಾಲಿನಲ್ಲಿ ಬರುವುದೆಂದು ಥೆಮಿಸ್ಟೋಕ್ಲಿಸ್ ಜ಼ಾಮಿತ್ತನು ತೋರಿಸಿದ್ದು 1905ರಲ್ಲಿ. ಹದಿನೆಂಟು ವರ್ಷ ವೈದ್ಯರು ಸೈನಿಕನ ಶಯ್ಯೆಯ ಸುತ್ತಲೇ ಇದ್ದರು, ಆಡು ಬಾಗಿಲಲ್ಲೇ ಇದ್ದಿತು. ಅತ್ತ ಡೆನ್ಮಾರ್ಕಿನಲ್ಲಿ ಬಾಂಗ್ ಎಂಬಾತನು 1897ರಲ್ಲೇ ಹಸುವಿನ ಗರ್ಭಪಾತದ ಅಣುವನ್ನು ಪತ್ತೆಹಚ್ಚಿದ್ದರೂ, ಆ ಎರಡು ಅಣುಗಳೂ ನಿಕಟ ಬಂಧುಗಳೆಂದು 1918ರಲ್ಲಿ ಆಲಿಸ್ ಇವಾನ್ಸ್ ಎಂಬ ವಿದುಷಿಯು ಸಾರಿದಾಗ ಪಂಡಿತರು ಸುಲಭವಾಗಿ ನಂಬಲಿಲ್ಲ. ವೈದ್ಯನೂ ಪಶುವೈದ್ಯನೂ ಬೇರೆಬೇರೆ ಮನೆಗಳಲ್ಲಿ ಕುಳಿತು ವಿಚಾರಿಸುವ ಅಭ್ಯಾಸದ ಮೊದಲ ದಂಡ ಅದು.

ಮಾಲ್ಟಾದ ಪಾಠವನ್ನು ಮದ್ದೂರಿಗೆ ಯಥಾವತ್ತಾಗಿ ತಂದರೆ ಮಾತ್ರ ಅದು ಅವಿವೇಕವಾದೀತು. ನಮ್ಮ ಮನೆಗಳಲ್ಲಿ ಹಾಲನ್ನು ಉಕ್ಕಿಸದೆ ಕುಡಿಯುವವರು ವಿರಳ. ಗಿಣ್ಣನ್ನೂ ಬೇಯಿಸಿಯೇ ತಿನ್ನುತ್ತೇವೆ. ಪೇಟೆಗೆ ಹೋಗುವ ಹಾಲು ಡೇರಿಯಲ್ಲಿ ಕಾದೇ ಹೋಗುತ್ತದೆ. ಆದುದರಿಂದ ‘ಹಸಿ ಹಾಲು ಕುಡಿಯುವಿರಾ?’ ಎಂಬ ಪ್ರಶ್ನೆಯಿಂದ ಆರಂಭವಾಗುವ ಪ್ರಶ್ನಾವಳಿಯು ಅಪಾಯದ ದಾರಿಯನ್ನೇ ಕಾಣದೆ ಹೋಗುತ್ತದೆ. ಇಲ್ಲಿ ರೋಗವು ಬಾಯಿಗಿಂತ ಹೆಚ್ಚಾಗಿ ಕೈಯ ಮೂಲಕ ಪ್ರವೇಶಿಸಬಲ್ಲದು: ನಡುರಾತ್ರಿ ಕರುವನ್ನು ಎಳೆದ ಕೈ, ಬಿದ್ದ ಕಸವನ್ನು ಬರಿಗೈಯಲ್ಲಿ ತಿಪ್ಪೆಗೆ ಒಯ್ದ ಕೈ, ಕೊಟ್ಟಿಗೆ ಗುಡಿಸಿದ ಕೈ. ಅದು ಬಹುಮಟ್ಟಿಗೆ ಹೆಂಗಸಿನ ಕೈ; ಡೇರಿಯ ಪುಸ್ತಕದಲ್ಲಿ ಸದಸ್ಯನೆಂದು ಹೆಸರಿರುವ ಗಂಡಸಿನ ರಕ್ತವನ್ನು ಪಡೆದು ಮನೆಯ ಕೆಲಸ ಮುಗಿಯಿತೆಂದು ತಿಳಿಯುವ ಸಮೀಕ್ಷಕನು ಏನನ್ನು ಅಳೆದನೆಂದು ಹೇಳುವುದು ಕಷ್ಟ.

ಉಪಕರಣಗಳ ವಿಷಯದಲ್ಲಿಯೂ ಇದೇ ಬಗೆಯ ಎರವಲು ಕಾಣುವುದು. ಬಣ್ಣ ಹಾಕಿದ ಅಣುಗಳನ್ನು ಹಾಲಿಗೆ ಬೆರಸಿ, ಕೆನೆಯಲ್ಲಿ ಬಣ್ಣದ ಉಂಗುರ ಮೂಡಿದರೆ ಸೋಂಕೆಂದು ಊಹಿಸುವ ಪರೀಕ್ಷೆಯು ಒಬ್ಬನೇ ಒಡೆಯನ ಮಂದೆಯ ಹಾಲಿಗೆ ಚೆನ್ನಾಗಿ ಒಪ್ಪುವಂಥದು. ಮನೆಗೊಂದೆರಡು ಹಸುಗಳಿರುವ ಊರಿನ ಹಾಲೆಲ್ಲ ಒಂದೇ ಶೀತಲ ತೊಟ್ಟಿಯಲ್ಲಿ ಬೆರೆತಾಗ, ಸೋಂಕಿನ ಹಸುವಿನ ಹಾಲು ಉಳಿದವುಗಳಲ್ಲಿ ಕರಗಿ ಉಂಗುರವೂ ಮಸುಕಾಗುತ್ತದೆ.

ನನ್ನ ಮುಖ್ಯ ಆಕ್ಷೇಪವಾದರೋ ರಕ್ತಪರೀಕ್ಷೆಯ ಕುರಿತಾದುದು. ರೋಸ್ ಬೆಂಗಾಲ್ ಪರೀಕ್ಷೆಯು ಸುಲಭ, ಅಗ್ಗ, ಕೆಲವೇ ನಿಮಿಷಗಳದು; ಯಲಹಂಕದ ನಿವೇದಿ ಎಂಬ ಪಶುರೋಗ ಸಂಶೋಧನಾ ಸಂಸ್ಥೆಯಂಥ ಕಡೆಗಳಲ್ಲಿ ನಡೆಯುವ ವಿಸ್ತಾರವಾದ ಸಮೀಕ್ಷೆಗಳಿಗೆ ಇಂಥ ಪ್ರತಿಕಾಯ ಪರೀಕ್ಷೆಗಳಿಲ್ಲದೆ ಗತ್ಯಂತರವಿಲ್ಲ. ಆದರೆ ಪ್ರತಿಕಾಯವಿದೆಯೆಂದರೆ ಅಣುವಿನ ಸಂಪರ್ಕವಾಗಿತ್ತೆಂದೇ ಹೊರತು, ಆ ಅಣು ಯಾವ ಪ್ರಾಣಿಯಿಂದ ಬಂದಿತೆಂದಲ್ಲ. ಹಸುವಿನ ಅಬಾರ್ಟಸ್ ತಳಿಯನ್ನೂ ಆಡುಕುರಿಗಳ ಮೆಲಿಟೆನ್ಸಿಸ್ ತಳಿಯನ್ನೂ ಈ ಪರೀಕ್ಷೆ ಬೇರ್ಪಡಿಸದು. ಮನುಷ್ಯನಿಗೆ ಹೆಚ್ಚು ಉಗ್ರವಾದುದಾದರೋ ಎರಡನೆಯದೇ. ಇತ್ತ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಕೀರ್ತಿಯನ್ನು ಯಾರು ತಾನೆ ಅರಿಯರು? ಸೀಮೆಹಸುವೂ ಕುರಿಯೂ ಒಂದೇ ಸೂರಿನಡಿ ಇರುವ ಮನೆಯಲ್ಲಿ, ಹಸುವಿನ ರಕ್ತವನ್ನೂ ರೋಗಿಯ ರಕ್ತವನ್ನೂ ಮಾತ್ರ ಪರೀಕ್ಷಿಸಿ, ಎರಡೂ ತಾಳೆಯಾದವೆಂದು ಹಸುವಿನ ಮೇಲೆ ಅಪರಾಧ ಹೊರಿಸುವುದು ಸಾಕ್ಷಿಗಳನ್ನು ಪೂರ್ತಿ ಕೇಳದೆ ಕೊಟ್ಟ ತೀರ್ಪು. ಅಣುವನ್ನೇ ಬೆಳೆಸಿ ತಳಿಯನ್ನು ಗುರುತಿಸುವುದು ನಿಧಾನದ, ಪ್ರಯೋಗಶಾಲೆಯವರಿಗೇ ಅಪಾಯಕರವಾದ ಕಾರ್ಯ, ನಿಜ. ಅದನ್ನು ಕೆಲವು ಮನೆಗಳಲ್ಲಾದರೂ ಮಾಡದ ಅಧ್ಯಯನವು ಶೇಕಡಾವಾರು ಹೇಳಬಹುದು, ಕಾರಣ ಹೇಳಲಾರದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಂದುರೋಗದ ಲಸಿಕೆಯು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಮ್ಮೆ ದೊರೆಯುವುದು. ಕುರಿಗೆ ಆ ಲಸಿಕೆಯಲ್ಲಿ ಸ್ಥಾನವಿಲ್ಲ. ಲಸಿಕೆ ಕಂಡ ರಾಸಿನ ಕಿವಿಗೆ ಹನ್ನೆರಡು ಅಂಕೆಗಳ ಬಿಲ್ಲೆಯಿದೆ. ಅದರ ಒಡತಿಯು ಜ್ವರವೆಂದು ಆಸ್ಪತ್ರೆಗೆ ಬಂದಾಗ, ವಿಡಾಲ್ ಪರೀಕ್ಷೆಯ ಬಲದ ಮೇಲೆ ಟೈಫಾಯ್ಡೆಂದು ಬರೆದುಕೊಟ್ಟ ಚೀಟಿಯಲ್ಲಿ ಮನೆಯ ಹಸು ಕಂದು ಹಾಕಿತೇ ಎಂಬ ಒಂದು ಸಾಲಿಗೂ ಜಾಗವಿರುವುದಿಲ್ಲ. ಕಂದುರೋಗಕ್ಕೆ ಎರಡು ಔಷಧಗಳನ್ನು ಆರು ವಾರ ಬಿಡದೆ ನುಂಗಬೇಕು. ಟೈಫಾಯ್ಡಿನ ಅಲ್ಪಾವಧಿಯ ಗುಳಿಗೆಗೆ ಇಳಿದಂತೆ ತೋರಿದ ಜ್ವರ ಮತ್ತೆ ಮರಳಿದರೆ ಆಶ್ಚರ್ಯವೇನು?

ಇನ್ನು ಸೋಂಕು ಖಚಿತವಾದ ಹಸುವಿನ ಗತಿಯೇನು? ಪರೀಕ್ಷಿಸಿ ಕೊಲ್ಲುವ ವಿಧಾನದಿಂದ ಎಷ್ಟೋ ದೇಶಗಳು ರೋಗವನ್ನು ನೀಗಿಕೊಂಡಿವೆ. ಸಾಲದ ಮೇಲೆ ತಂದ ಒಂದೇ ಹಸುವಿನ ಮನೆಗೆ ಆ ಮಾತನ್ನಾಡುವ ಧೈರ್ಯ ಯಾರಿಗೂ ಇರಲಾರದು, ಇರಬೇಕೆಂದೂ ನಾನು ಹೇಳೆನು. ಆದರೆ ಫಲಿತಾಂಶವನ್ನು ತಿಳಿಸಿ, ಮುಂದೇನೆಂಬುದನ್ನು ಗೊತ್ತುಮಾಡದೆ ತಂಡವು ಹಿಂದಿರುಗಿದರೆ, ರೈತನು ಆ ಹಸುವನ್ನು ಸದ್ದಿಲ್ಲದೆ ಸಂತೆಗೆ ಹೊಡೆಯುವನು. ಮುಂದಿನ ಗಬ್ಬಕ್ಕೆ ಅದು ಇನ್ನೊಂದು ಹೋಬಳಿಯ ಕೊಟ್ಟಿಗೆಯಲ್ಲಿ ಕಟ್ಟಿರುತ್ತದೆ. ಸಮೀಕ್ಷೆಯ ಕೋಷ್ಟಕದಲ್ಲಿ ಮಾತ್ರ ಹಳೆಯ ಊರಿನ ಲೆಕ್ಕಕ್ಕೇ ಸೇರಿರುತ್ತದೆ.